ಬೆಳಗಿನ ಜಾವ ಕೂಗುವ ಸೈರನ್: ಮನೆಯ ಕರೆಂಟ್ ಬೇಲಿಯಲ್ಲಿ ದೋಷ ಹುಡುಕುವ ಬಗೆ

ನಮ್ಮ ಮನೆಯ ಬೇಲಿ ಸೈರನ್ ಒಂದು ಚಳಿಗಾಲದಲ್ಲಿ ದಿನಾ ಬೆಳಗಿನ ಜಾವ ನಾಲ್ಕೂವರೆಗೆ ಕೂಗುತ್ತಿತ್ತು. ಟಾರ್ಚ್ ಹಿಡಿದು ಓಡಿದರೆ ಕಳ್ಳನೂ ಇಲ್ಲ, ಬೆಕ್ಕೂ ಇಲ್ಲ. ರಿಮೋಟ್ ಒತ್ತಿ ಬಂದ್ ಮಾಡಿ ಮಲಗುವುದು, ಎಂಟು ಗಂಟೆಗೆ ಎದ್ದು ಮತ್ತೆ ಆನ್ ಮಾಡುವುದು. ಆಗ ಏನೂ ತಕರಾರಿಲ್ಲ. ರಿಪೇರಿಯವರು ಬಂದು ನೋಡುವುದು ಹನ್ನೊಂದು ಗಂಟೆಗೆ. ಆ ಹೊತ್ತಿಗೆ ಬೇಲಿ ಒಳ್ಳೆ ಹುಡುಗನ ಹಾಗೆ ಸುಮ್ಮನೆ ನಿಂತಿರುತ್ತಿತ್ತು. ಮೊದಲು ಬ್ಯಾಟರಿ ಬದಲಾಯಿತು. ಆಮೇಲೆ ಬೇಲಿಗೆ ಕರೆಂಟ್ ಕೊಡುವ ಎನರ್ಜೈಸರ್ ಡಬ್ಬಿಯೇ ಬದಲಾಯಿತು. ಸೈರನ್ ಮಾತ್ರ ಬದಲಾಗಲಿಲ್ಲ.

ಕೊನೆಗೆ ಒಂದು ದಿನ ನಾಲ್ಕು ಗಂಟೆಗೇ ಎದ್ದೆ. ಸೈರನ್ ತಂತಿ ಬಿಚ್ಚಿ, ಟಾರ್ಚ್ ಆರಿಸಿ, ಕಾಂಪೌಂಡಿನ ಪಕ್ಕ ಕಿವಿಗೊಟ್ಟು ನಿಂತೆ. ಟಿಕ್... ಟಿಕ್... ಸೆಕೆಂಡಿಗೊಂದು. ಮೂಲೆಯಿಂದ ಮೂರನೇ ಕಂಬ, ಕೆಳಗಿನ ಇನ್ಸುಲೇಟರ್ (ತಂತಿ ಕಂಬಕ್ಕೆ ತಾಗದ ಹಾಗೆ ಹಿಡಿಯುವ ಪ್ಲಾಸ್ಟಿಕ್ ತುಂಡು). ಎಳ್ಳುಕಾಳಿನಷ್ಟು ನೀಲಿ ಕಿಡಿ, ಪ್ರತಿ ಸದ್ದಿಗೂ ಒಂದು. ಬೆಳಕು ಹರಿದ ಮೇಲೆ ಬೇಲಿ ಆಫ್ ಮಾಡಿ ನೋಡಿದರೆ ಪ್ಲಾಸ್ಟಿಕ್ಕಿನಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ಅದರೊಳಗೆ ಧೂಳು. ರಾತ್ರಿ ಇಬ್ಬನಿ ಬಿದ್ದಾಗ ಆ ಧೂಳು ಒದ್ದೆಯಾಗಿ ಕರೆಂಟಿಗೆ ದಾರಿ ಕೊಡುತ್ತಿತ್ತು. ಬಿಸಿಲು ಬಿದ್ದರೆ ದಾರಿ ಬಂದ್.

ಬೇಲಿ ಕೆಟ್ಟಾಗ ನಾವೆಲ್ಲ ಮೊದಲು ಕೇಳುವುದು ‘ಎಲ್ಲಿ ಕೆಟ್ಟಿದೆ?’ ಅಂತ. ಅದಕ್ಕಿಂತ ಮೊದಲು ‘ಯಾವಾಗ ಕೆಡುತ್ತದೆ?’ ಅಂತ ಕೇಳಿದ್ದರೆ ನನಗೆ ಎರಡು ಬದಲಾವಣೆಗಳ ಖರ್ಚು ಉಳಿಯುತ್ತಿತ್ತು. ಮುಂದೆ ಬರೆದಿರುವುದೆಲ್ಲ ಅದೇ ಲೆಕ್ಕದಲ್ಲಿದೆ.

ಡಬ್ಬಿ ಏನು ಮಾಡುತ್ತದೆ

ಗೋಡೆಗೆ ಹಾಕಿರುವ ಡಬ್ಬಿಗೆ ಎನರ್ಜೈಸರ್ ಅನ್ನುತ್ತಾರೆ. ಅದರೊಳಗೆ ಕರೆಂಟನ್ನು ಕೂಡಿಟ್ಟುಕೊಳ್ಳುವ ಒಂದು ಕೆಪಾಸಿಟರ್ ಕೆಲವು ನೂರು ವೋಲ್ಟಿಗೆ ಚಾರ್ಜ್ ಆಗುತ್ತದೆ. ಆಮೇಲೆ ಅಷ್ಟನ್ನೂ ಒಂದೇ ಏಟಿಗೆ ಟ್ರಾನ್ಸ್‌ಫಾರ್ಮರಿಗೆ ಸುರಿಯುತ್ತದೆ. ಬೇಲಿಗೆ ಸಾವಿರಾರು ವೋಲ್ಟಿನ ಒಂದು ಪಲ್ಸ್, ಅಂದರೆ ಕರೆಂಟಿನ ಒಂದು ಏಟು, ಹೋಗುತ್ತದೆ. ಸುಮಾರು ಸೆಕೆಂಡಿಗೊಂದು. ಪಲ್ಸ್ ಇರುವುದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ಐಇಸಿ 60335-2-76 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಮಿತಿಯೂ ಹೀಗೇ ಇದೆ: ಸೆಕೆಂಡಿಗೆ ಒಂದಕ್ಕಿಂತ ಜಾಸ್ತಿ ಪಲ್ಸ್ ಇರಬಾರದು, ಒಂದು ಪಲ್ಸ್ 10 ಮಿಲಿಸೆಕೆಂಡ್ ದಾಟಬಾರದು, ಅದರ ಶಕ್ತಿ 500 ಓಮ್ ಲೋಡಿಗೆ 5 ಜೂಲ್ ಮೀರಬಾರದು. ಮುಟ್ಟಿದವನಿಗೆ ಜೋರಾಗಿ ಹೊಡೆಯುತ್ತದೆ, ಆದರೆ ಎರಡು ಏಟಿನ ನಡುವೆ ಕೈ ಬಿಡಿಸಿಕೊಳ್ಳಲು ಬಿಡುವು ಸಿಗುತ್ತದೆ.

ಬೇಲಿಗೆ ಮನೆಯ ಕರೆಂಟನ್ನು ನೇರವಾಗಿ ಕೊಡಬಾರದು ಅನ್ನುವುದು ಇದಕ್ಕೇ. ಅಲ್ಲಿ ಬಿಡುವೇ ಇಲ್ಲ. ಕೈ ಬಿಗಿಹಿಡಿದು ಬಿಡುತ್ತದೆ, ಮನುಷ್ಯ ಸಾಯುತ್ತಾನೆ. ಡಬ್ಬಿ ಕೆಟ್ಟಿದೆ, ಒಂದು ರಾತ್ರಿಯ ಮಟ್ಟಿಗೆ ಅಂತಲೂ ಆ ಕೆಲಸಕ್ಕೆ ಕೈ ಹಾಕಬೇಡಿ.

ಮನೆ ಬೇಲಿಯಲ್ಲಿ ಲೈವ್ (ಪಲ್ಸ್ ಓಡುವ) ತಂತಿಗಳೆಲ್ಲ ಸೇರಿ ಒಂದೇ ಉದ್ದನೆಯ ದಾರ ಅಂದುಕೊಳ್ಳಿ. ಡಬ್ಬಿಯ ಫೀಡ್ ತುದಿಯಿಂದ ಹೊರಟು, ಮೇಲೆ ಕೆಳಗೆ ಸುತ್ತಿಕೊಂಡು, ರಿಟರ್ನ್ ತುದಿಗೆ ಬಂದು ಸೇರುತ್ತದೆ. ಕಳಿಸಿದ್ದು ವಾಪಸ್ ಬಂತಾ ಅಂತ ಡಬ್ಬಿ ಪ್ರತಿ ಪಲ್ಸಿಗೂ ನೋಡುತ್ತದೆ. ಬರದಿದ್ದರೆ ಸೈರನ್. ಬಾರದಿರಲು ಎರಡೇ ಕಾರಣ. ದಾರ ಎಲ್ಲೋ ಕಡಿದಿರಬೇಕು, ಇಲ್ಲವೇ ದಾರಿಯಲ್ಲಿ ಕರೆಂಟ್ ನೆಲಕ್ಕೆ ಸೋರುತ್ತಿರಬೇಕು. ಇವೆರಡನ್ನು ಬಿಟ್ಟರೆ ಡಬ್ಬಿ ಮತ್ತು ಬ್ಯಾಟರಿಯ ಕಾಯಿಲೆಗಳು. ಇನ್ನೊಂದು ಅರ್ಥಿಂಗ್ ಕಾಯಿಲೆ. ಇದರಲ್ಲಿ ಸೈರನ್ನೂ ಕೂಗುವುದಿಲ್ಲ, ಶಾಕೂ ಸರಿಯಾಗಿ ಹೊಡೆಯುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಕೈ ಹಾಕುವ ಮೊದಲು

ಮೇನ್ಸ್ ಪ್ಲಗ್ ಕಿತ್ತರೆ ಬೇಲಿ ಆಫ್ ಆಯಿತು ಅಂದುಕೊಳ್ಳಬೇಡಿ. ಒಳಗೆ ಬ್ಯಾಟರಿ ಇದೆ. ಕರೆಂಟ್ ಹೋದಾಗ ಬೇಲಿ ನಡೆಯಲಿ ಅಂತಲೇ ಅದನ್ನು ಇಟ್ಟಿರುವುದು. ಮೊದಲು ರಿಮೋಟ್ ಅಥವಾ ಕೀಪ್ಯಾಡಿನಿಂದ ಆಫ್, ಆಮೇಲೆ ಪ್ಲಗ್, ಆಮೇಲೆ ಬ್ಯಾಟರಿಯ ಒಂದು ತಂತಿ. ಈ ಮೂರೂ ಆದ ಮೇಲೆ ಬೇಲಿಯ ವೋಲ್ಟೇಜ್ ಅಳೆಯುವ ಫೆನ್ಸ್ ಟೆಸ್ಟರ್ ಹಿಡಿದು ಸೊನ್ನೆ ತೋರಿಸುತ್ತದಾ ನೋಡಿ. ನಾನಂತೂ ಒಣಗಿದ ಮರದ ಹಿಡಿ ಇರುವ ಒಂದು ತಂತಿ ತುಂಡಿನಿಂದ ಲೈವ್ ತಂತಿಯನ್ನೂ ನೆಲಕ್ಕೆ ಜೋಡಿಸಿರುವ ಅರ್ಥ್ ತಂತಿಯನ್ನೂ ಕೂಡಿಸಿ ಬಿಟ್ಟಿರುತ್ತೇನೆ, ಕೆಲಸ ಮುಗಿಯುವ ತನಕ.

ರಿಮೋಟ್ ನಿಮ್ಮ ಜೇಬಿನಲ್ಲಿರಲಿ. ಮನೆಯಲ್ಲಿ ಎರಡು ರಿಮೋಟ್ ಇದ್ದರೆ ಎರಡೂ. ನಾನು ಏಣಿಯ ಮೇಲಿದ್ದಾಗ ಒಳಗಿನಿಂದ ಒಬ್ಬರು ‘ಬೇಲಿ ಆಫ್ ಆಗಿದೆಯಲ್ಲ’ ಅಂತ ಒಳ್ಳೆಯ ಮನಸ್ಸಿನಿಂದ ಆನ್ ಮಾಡಿದ್ದರು. ಬ್ಯಾಟರಿ ತಂತಿ ತೆಗೆದಿದ್ದೆ, ಬಚಾವ್. ಏಣಿಯ ಮೇಲೆ ಶಾಕಿಗಿಂತ ಬೀಳುವುದೇ ಹೆಚ್ಚು ಅಪಾಯ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಕೆಲಸಕ್ಕೇ ಹೋಗಬಾರದು. ಗುಡುಗು ಸಿಡಿಲು ಇರುವಾಗ ಯಾರೂ ಬೇಲಿ ಮುಟ್ಟಬಾರದು, ಡಬ್ಬಿ ಆಫ್ ಇದ್ದರೂ ಅಷ್ಟೇ.

ಡಬ್ಬಿಯ ಮುಚ್ಚಳ ತೆಗೆದು ಬ್ಯಾಟರಿ, ಫ್ಯೂಸ್, ತಂತಿ ಕಚ್ಚಿಸುವ ಜಾಗ ನೋಡಬಹುದು. ಸರ್ಕ್ಯೂಟ್ ಬೋರ್ಡಿಗೆ ಬೆರಳು ಇಡಬೇಡಿ. ಪವರ್ ತೆಗೆದ ಮೇಲೂ ಆ ಕೆಪಾಸಿಟರ್ ಚಾರ್ಜ್ ಹಿಡಿದುಕೊಂಡಿರುತ್ತದೆ.

ಯಾವಾಗ ಕೂಗುತ್ತದೆ?

ಒಂದು ವಾರ ಬರೆದಿಡಿ. ಸಮಯ, ಮಳೆ ಇತ್ತಾ, ಗಾಳಿ ಇತ್ತಾ, ಕರೆಂಟ್ ಹೋಗಿತ್ತಾ. ಅಷ್ಟೇ ಸಾಕು.

ಬೆಳಗಿನ ಜಾವ ಕೂಗಿ ಬಿಸಿಲೇರಿದ ಮೇಲೆ ಸರಿಹೋದರೆ ಅದು ಇಬ್ಬನಿ ಕಥೆ. ಬಿರುಕು ಬಿಟ್ಟ ಅಥವಾ ಕೊಳೆ ಹಿಡಿದ ಇನ್ಸುಲೇಟರ್ ಹುಡುಕಿ. ರಸ್ತೆ ಧೂಳು ಜಾಸ್ತಿ ಇರುವಲ್ಲಿ, ಸಮುದ್ರದ ಉಪ್ಪು ಗಾಳಿ ಬರುವಲ್ಲಿ ಇದು ಮಾಮೂಲು.

ನಡುಮಧ್ಯಾಹ್ನ ಕೂಗಿದರೆ ತಂತಿ ನೋಡಿ. ಲೋಹ ಬಿಸಿಲಿಗೆ ಹಿಗ್ಗುತ್ತದೆ. ತಂತಿಯನ್ನು ಬಿಗಿಯಾಗಿ ಎಳೆದು ಹಿಡಿಯುವ ಸ್ಪ್ರಿಂಗ್ ಸೋತಿದ್ದರೆ ತಂತಿ ಜೋಲು ಬಿದ್ದು ಪಕ್ಕದ ಅರ್ಥ್ ತಂತಿಗೋ ಕಂಬಕ್ಕೋ ತಾಗುತ್ತದೆ. ಸಂಜೆ ತಂಪಾದರೆ ಮತ್ತೆ ಬಿಗಿಯಾಗುತ್ತದೆ. ಅಲ್ಯೂಮಿನಿಯಂ ತಂತಿ ಉಕ್ಕಿನ ತಂತಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಾಗಾಗಿ ಅದರಲ್ಲಿ ಈ ತೊಂದರೆ ಜಾಸ್ತಿ.

ಗಾಳಿ ಬಂದಾಗ ಮಾತ್ರ ಕೂಗಿದರೆ ಬಳ್ಳಿ, ಕೊಂಬೆ, ಇಲ್ಲವೇ ಸಡಿಲ ಜಾಯಿಂಟ್. ಗೇಟಿನ ಮೇಲೂ ಬೇಲಿ ಇದ್ದರೆ ಗೇಟ್ ಅಲುಗಾಡಿ ಕಾಂಟ್ಯಾಕ್ಟ್ ಬಿಡುತ್ತಿದೆಯಾ ನೋಡಿ.

ಮಳೆ ವಿಷಯ ಸ್ವಲ್ಪ ಸೂಕ್ಷ್ಮ. ಮಳೆ ಶುರುವಾದ ಹತ್ತು ನಿಮಿಷ ಕೂಗಿ, ಜೋರಾದ ಮೇಲೆ ಸುಮ್ಮನಾದರೆ ಇನ್ಸುಲೇಟರ್ ಕೊಳೆ. ಮೊದಲ ಹನಿಗೆ ಕೊಳೆ ಒದ್ದೆಯಾಯಿತು, ಆಮೇಲಿನ ಮಳೆ ತೊಳೆದುಹಾಕಿತು. ಮಳೆ ನಿಂತು ಅರ್ಧ ದಿನ ಆದರೂ ಸರಿಹೋಗದಿದ್ದರೆ ನೀರು ಎಲ್ಲೋ ನಿಂತಿದೆ. ನೆಲದಡಿಯ ಪೈಪಿನಲ್ಲಿರುವ ಎಚ್‌ಟಿ (ಹೈ ಟೆನ್ಷನ್, ಹೆಚ್ಚು ವೋಲ್ಟೇಜ್ ತಡೆಯುವ) ಕೇಬಲ್ ಮೇಲೆ ನನ್ನ ಮೊದಲ ಅನುಮಾನ.

ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಕೂಗಿದರೆ ಅಥವಾ ಬೇಲಿ ಸತ್ತರೆ ಬ್ಯಾಟರಿ. ಹೊತ್ತು ಗೊತ್ತಿಲ್ಲದೆ ಸದಾ ಕೂಗಿದರೆ ಅದೇ ಎಲ್ಲಕ್ಕಿಂತ ಸುಲಭ. ತಂತಿ ಕಡಿದಿದೆ ಅಥವಾ ಗಟ್ಟಿಯಾಗಿ ತಾಗಿದೆ. ಹೆಚ್ಚಿನ ಸಲ ಕಣ್ಣಿಗೇ ಕಾಣುತ್ತದೆ.

ಡಬ್ಬಿಯದೋ ಬೇಲಿಯದೋ

ಈ ಒಂದು ಪರೀಕ್ಷೆ ಮಾಡದೆ ಯಾರಾದರೂ ‘ಡಬ್ಬಿ ಹೋಗಿದೆ ಸಾರ್’ ಅಂದರೆ ನಂಬಬೇಡಿ. ನಾನು ನಂಬಿದ್ದೆ.

ಎಲ್ಲ ಆಫ್ ಮಾಡಿ. ಬೇಲಿಗೆ ಹೋಗುವ ಫೀಡ್ ಮತ್ತು ರಿಟರ್ನ್ ಕೇಬಲ್‌ಗಳನ್ನು ಡಬ್ಬಿಯಿಂದ ಬಿಚ್ಚಿ, ಯಾವುದಕ್ಕೂ ತಾಗದ ಹಾಗೆ ದೂರ ಸರಿಸಿ. ಒಂದು ಗೇಣು ಎಚ್‌ಟಿ ಕೇಬಲ್ ತೆಗೆದುಕೊಂಡು ಡಬ್ಬಿಯ ಫೀಡ್ ತುದಿಯಿಂದ ರಿಟರ್ನ್ ತುದಿಗೆ ಹಾಕಿ. ಅರ್ಥ್ ತಂತಿ ಹಾಗೇ ಇರಲಿ. ಈಗ ಬ್ಯಾಟರಿ ಜೋಡಿಸಿ, ಪ್ಲಗ್ ಹಾಕಿ, ಆನ್ ಮಾಡಿ ಹಿಂದೆ ಸರಿಯಿರಿ. ಸೈರನ್ ಕೂಗದೆ ಡಬ್ಬಿ ಸಲೀಸಾಗಿ ಟಕ್ ಟಕ್ ಅಂತಿದ್ದರೆ ಅದು ಆರೋಗ್ಯವಾಗಿದೆ, ಕಾಯಿಲೆ ಬೇಲಿಯಲ್ಲಿದೆ. ಈಗಲೂ ಕೂಗಿದರೆ ಕಾಯಿಲೆ ಡಬ್ಬಿಯಲ್ಲಿದೆ. ದೋಷ ಆಗಾಗ ಬಂದು ಹೋಗುವುದಾದರೆ ಈ ತುಂಡು ಕೇಬಲನ್ನು (ಇದಕ್ಕೆ ಜಂಪರ್ ಅನ್ನುತ್ತಾರೆ) ಒಂದು ರಾತ್ರಿ ಹಾಗೇ ಬಿಡಿ. ಆ ರಾತ್ರಿ ಬೇಲಿ ಇರುವುದಿಲ್ಲ ಅನ್ನುವುದು ನೆನಪಿರಲಿ.

ಡಬ್ಬಿ ಕಡೆ ತೊಂದರೆ ಇದ್ದರೆ ಹೆಚ್ಚಿನ ಸಲ ಅದು ಬ್ಯಾಟರಿಯೇ. ಮನೆ ಬೇಲಿಯಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್-ಅವರಿನ ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ. ಪ್ಲಗ್ ಹಾಕಿಯೇ ಮಲ್ಟಿಮೀಟರ್ ಹಿಡಿದು ‘13.6 ಇದೆ, ಬ್ಯಾಟರಿ ಚೆನ್ನಾಗಿದೆ’ ಅನ್ನುವುದು ತಪ್ಪು. ಅದು ಚಾರ್ಜರ್ ಕೊಡುತ್ತಿರುವ ವೋಲ್ಟೇಜ್. ಬ್ಯಾಟರಿಯನ್ನು ಬಿಚ್ಚಿ ಕೆಲವು ಗಂಟೆ ಬಿಟ್ಟು ಅಳೆಯಿರಿ. 12.6ರಿಂದ 12.8 ಇದ್ದರೆ ಪೂರ್ತಿ ಚಾರ್ಜ್ ಆಗಿದೆ. ಆಮೇಲೆ ವಾಪಸ್ ಜೋಡಿಸಿ, ಮೇನ್ಸ್ ಇಲ್ಲದೆ ಬೇಲಿ ಓಡಿಸಿ. ಅರ್ಧ ಗಂಟೆಯಲ್ಲೇ 11ರ ಹತ್ತಿರ ಇಳಿದರೆ ಅದರ ಆಯಸ್ಸು ಮುಗಿದಿದೆ. ಹೊಟ್ಟೆ ಊದಿದ ಬ್ಯಾಟರಿಯನ್ನು ಅಳೆಯುವುದೂ ಬೇಡ, ಬದಲಿಸಿ. ಹೊಸದು ಹಾಕಿದ ದಿನವೇ ತಾರೀಖನ್ನು ಮಾರ್ಕರ್‌ನಿಂದ ಅದರ ಮೈಮೇಲೆ ಬರೆದುಬಿಡಿ. ಮೂರು ವರ್ಷದ ಆಚೆ ನೀವು ಖಂಡಿತ ಮರೆತಿರುತ್ತೀರಿ.

ಬ್ಯಾಟರಿ ಸರಿ ಇದ್ದರೆ ಫ್ಯೂಸ್, ಬ್ಯಾಟರಿ ತುದಿಯ ತುಕ್ಕು, ಒಳಗೆ ಹೊಕ್ಕ ಇರುವೆ ಗೂಡು, ಹಲ್ಲಿ ನೋಡಿ. ಡಬ್ಬಿ ಬೆಚ್ಚಗಿರುತ್ತದೆ, ಹಲ್ಲಿಗೆ ಅದು ಮೆಚ್ಚಿನ ಜಾಗ. ಕೇಬಲ್ ಒಳಹೋಗುವ ತೂತುಗಳನ್ನು ಮುಚ್ಚಿದರೆ ಅರ್ಧ ಸಮಸ್ಯೆ ಕಡಿಮೆ. ಸುಟ್ಟ ವಾಸನೆ ಅಥವಾ ಕಪ್ಪು ಕಲೆ ಇದ್ದರೆ ಅಲ್ಲಿಗೆ ನಿಲ್ಲಿಸಿ, ಬೋರ್ಡ್ ರಿಪೇರಿ ನಮ್ಮ ಕೆಲಸ ಅಲ್ಲ.

ಕಿವಿ, ಕತ್ತಲು, ರೇಡಿಯೋ

ಸೋರಿಕೆ ಹುಡುಕಲು ಹಗಲಿಗಿಂತ ರಾತ್ರಿ ಒಳ್ಳೆಯದು. ಬೀದಿ ಗದ್ದಲ ಅಡಗಿದ ಮೇಲೆ ಬೇಲಿ ಆನ್ ಇಟ್ಟು, ಒಂದು ಮಾರು ದೂರದಲ್ಲಿ ನಿಧಾನವಾಗಿ ನಡೆಯಿರಿ. ಒಣ ಹವೆ ಇದ್ದರೆ ಸ್ಪ್ರೇ ಬಾಟಲಿಯಿಂದ ಇಬ್ಬನಿಯನ್ನು ನಾವೇ ತರಿಸಬಹುದು. ಬೇಲಿ ಆಫ್ ಮಾಡಿ, ನಾಲ್ಕೈದು ಇನ್ಸುಲೇಟರಿಗೆ ನೀರು ಸಿಂಪಡಿಸಿ, ದೂರ ಬಂದು ಆನ್ ಮಾಡಿ. ಟಿಕ್ ಸದ್ದು ಬರದಿದ್ದರೆ ಮುಂದಿನ ನಾಲ್ಕೈದು. ಆನ್ ಇರುವ ಬೇಲಿಗೆ ನೀರು ಹಾಯಿಸುವ ಧೈರ್ಯ ಬೇಡ.

ಹಳೆಯ ಬ್ಯಾಟರಿ ರೇಡಿಯೋ ಇದ್ದರೆ ಮೀಡಿಯಂ ವೇವಿಗೆ ಹಾಕಿ, ಯಾವ ಸ್ಟೇಷನ್ನೂ ಸಿಗದ ಜಾಗಕ್ಕೆ ತಿರುಗಿಸಿ. ಕಿಡಿ ಹಾರುವ ಜಾಗದ ಹತ್ತಿರ ಹೋದಂತೆ ಟಕ್ ಟಕ್ ಜೋರಾಗುತ್ತದೆ. ಎಫ್‌ಎಂನಲ್ಲಿ ಇದು ಅಷ್ಟಾಗಿ ಕೇಳಿಸುವುದಿಲ್ಲ. ಕಿವಿ ಮಂದವಾಗಿರುವವರಿಗೂ ಈ ರೇಡಿಯೋ ಉಪಾಯ ಅನುಕೂಲ.

ಸದ್ದೂ ಇಲ್ಲ, ಕಿಡಿಯೂ ಇಲ್ಲ, ಆದರೂ ವೋಲ್ಟೇಜ್ ಕಡಿಮೆ ಅಂದರೆ ತಂತಿ ಎಲ್ಲೋ ಗಟ್ಟಿಯಾಗಿ ತಾಗಿದೆ. ಗಟ್ಟಿಯಾಗಿ ತಾಗಿದ್ದು ಕಿಡಿ ಹಾರಿಸುವುದಿಲ್ಲ. ಅದಕ್ಕೆ ಬೇರೆ ಉಪಾಯ.

ಅರ್ಧ ಅರ್ಧ ಮಾಡಿ

ಇಲ್ಲಿ ಒಂದು ಫೆನ್ಸ್ ಟೆಸ್ಟರ್ ಬೇಕೇ ಬೇಕು, ಅಂಕಿ ತೋರಿಸುವಂಥದ್ದು. ಮಾಮೂಲಿ ಮಲ್ಟಿಮೀಟರನ್ನು ಆನ್ ಇರುವ ಬೇಲಿಗೆ ಹಿಡಿದರೆ ಮೀಟರ್ ಸುಡುತ್ತದೆ, ಕೈಗೂ ಅಪಾಯ. ಒಳ್ಳೆಯ ಮನೆ ಬೇಲಿಯಲ್ಲಿ 5ರಿಂದ 8 ಕಿಲೋವೋಲ್ಟ್ ಸಿಗಬೇಕು. 3ರ ಕೆಳಗಿದ್ದರೆ ಅದು ಬರೀ ಬೆದರಿಕೆ.

ದಾರದ ಸರಿಸುಮಾರು ನಡುವೆ ಒಂದು ಜಾಯಿಂಟ್ ಬಿಚ್ಚಿ, ಎರಡೂ ತುದಿ ತಾಗದ ಹಾಗೆ ಕಟ್ಟಿ. ರಿಟರ್ನ್ ಕೇಬಲನ್ನೂ ಡಬ್ಬಿಯಿಂದ ತೆಗೆದಿಡಿ. ಸೈರನ್ ಕೂಗುತ್ತದೆ, ಅದರ ತಂತಿ ಮೊದಲೇ ಬಿಚ್ಚಿಟ್ಟಿರಿ. ಈಗ ಆನ್ ಮಾಡಿ ಫೀಡ್ ಕಡೆ ಅಳೆಯಿರಿ. ಮೊದಲು 2.4 ಇದ್ದದ್ದು 7ಕ್ಕೆ ಏರಿತು ಅಂದುಕೊಳ್ಳಿ. ಅಂದರೆ ಬಿಚ್ಚಿಟ್ಟ ಆಚೆಯ ಅರ್ಧದಲ್ಲಿ ಸೋರಿಕೆ ಇದೆ. 2.4ರಲ್ಲೇ ಇದ್ದರೆ ಈಚೆಯ ಅರ್ಧದಲ್ಲಿ. ಕೆಟ್ಟ ಅರ್ಧವನ್ನು ಮತ್ತೆ ಅರ್ಧ ಮಾಡಿ. ಹದಿನಾರು ಕಂಬಗಳ ನಡುವಿನ ದೋಷ ನಾಲ್ಕು ಸಲಕ್ಕೆ ಕೈಗೆ ಸಿಗುತ್ತದೆ. ಒಂದೊಂದೇ ಕಂಬ ನೋಡುತ್ತಾ ಹೋದರೆ ಇಡೀ ದಿನ ಬೇಕು, ಅಲ್ವಾ? ಪ್ರತಿ ಸಲ ಬಿಚ್ಚುವ ಮೊದಲು ಆಫ್ ಮಾಡುವುದನ್ನು ಮಾತ್ರ ಅವಸರಕ್ಕೆ ಬಿಟ್ಟುಬಿಡಬೇಡಿ.

ತಂತಿ ಕಡಿದ ದೋಷಕ್ಕೆ ಇಷ್ಟೆಲ್ಲ ಬೇಡ. ಫೀಡ್ ತುದಿಯಿಂದ ಟೆಸ್ಟರ್ ಹಿಡಿದು ದಾರದ ಜಾಡಿನಲ್ಲೇ ಹೋಗಿ. ಎಲ್ಲಿಯವರೆಗೆ ವೋಲ್ಟೇಜ್ ಇದೆಯೋ ಅಲ್ಲಿಯವರೆಗೆ ಸರಿ. ಥಟ್ಟನೆ ಸೊನ್ನೆ ಆದರೆ ಹಿಂದಿನ ಒಂದೆರಡು ಗಜದಲ್ಲೇ ಕಡಿತ ಇದೆ.

ಕರೆಂಟ್ ಎಷ್ಟು ಹರಿಯುತ್ತಿದೆ, ಯಾವ ದಿಕ್ಕಿಗೆ ಅಂತ ಬಾಣದ ಗುರುತಿನಲ್ಲಿ ತೋರಿಸುವ ಟೆಸ್ಟರ್‌ಗಳೂ ಬರುತ್ತವೆ. ಸೋರಿಕೆ ದಾಟಿದ ತಕ್ಷಣ ಆಂಪಿಯರ್ ಕುಸಿಯುತ್ತದೆ. ಬೇಲಿ ಉದ್ದ ಇದ್ದರೆ ಅಂಥದ್ದು ಒಂದು ಇರಲಿ. ನಾಲ್ಕು ಗೋಡೆಯ ಮನೆಗೆ ಬಿಚ್ಚಿ ನೋಡುವುದೇ ಸಾಕು.

ಎಚ್‌ಟಿ ಕೇಬಲ್ ಅನ್ನುವ ಕಳ್ಳ

ಕಣ್ಣಿಗೆ ಕಾಣದ ದೋಷಗಳ ಪೈಕಿ ನನ್ನನ್ನು ಅತಿ ಹೆಚ್ಚು ಸತಾಯಿಸಿದ್ದು ಇದು. ಗೇಟಿನ ಈ ಕಡೆಯಿಂದ ಆ ಕಡೆಗೆ ನೆಲದಡಿ ಹೋಗುವ ಕೇಬಲ್ ಇರುತ್ತದಲ್ಲ, ಅದು. ನಮ್ಮಲ್ಲಿ ಬೇಲಿ ಹಾಕಿದವರು ಅಲ್ಲಿ ಮನೆ ವೈರಿಂಗಿನ ವೈರನ್ನೇ ಕಬ್ಬಿಣದ ಪೈಪಿನೊಳಗೆ ಹಾಕಿ ಮುಚ್ಚಿದ್ದರು. ಮನೆ ವೈರಿನ ಹೊದಿಕೆ ತಡೆಯುವುದು ಸಾವಿರ ಚಿಲ್ಲರೆ ವೋಲ್ಟ್. ಬೇಲಿಯಲ್ಲಿ ಓಡುವುದು ಏಳೆಂಟು ಸಾವಿರ. ಒಂದೂವರೆ ವರ್ಷ ಹೇಗೋ ತಡೆಯಿತು. ಆಮೇಲೆ ಒಂದು ಮಳೆಗಾಲ ಪೈಪಿಗೆ ನೀರು ತುಂಬಿ, ಹೊದಿಕೆಯಲ್ಲಿ ಸೂಜಿ ಮೊನೆಯಷ್ಟು ತೂತು ಬಿತ್ತು.

ಇದರ ಮಜಾ ಏನೆಂದರೆ ಮಲ್ಟಿಮೀಟರ್ ಇದನ್ನು ಹಿಡಿಯುವುದೇ ಇಲ್ಲ. ಬೇಲಿ ಆಫ್ ಮಾಡಿ ಕೇಬಲಿಗೂ ಪೈಪಿಗೂ ನಡುವೆ ಓಮ್ ಅಳೆದರೆ ‘ಓಪನ್’ ಅಂತಲೇ ತೋರಿಸುತ್ತದೆ. ಮೀಟರ್ ಒಳಗಿನ ಬ್ಯಾಟರಿ ಕೊಡುವುದು ಕೆಲವೇ ವೋಲ್ಟ್, ಅಷ್ಟಕ್ಕೆ ಆ ತೂತನ್ನು ಹಾರಲು ಆಗುವುದಿಲ್ಲ. ಏಳು ಸಾವಿರಕ್ಕೆ ಆಗುತ್ತದೆ. ಅದಕ್ಕೇ ಪರೀಕ್ಷೆಯನ್ನು ಬೇಲಿಯ ಪಲ್ಸಿನಿಂದಲೇ ಮಾಡಬೇಕು. ಕೇಬಲಿನ ಎರಡೂ ತುದಿ ಬಿಚ್ಚಿ, ಅದರ ಬದಲು ತಾತ್ಕಾಲಿಕವಾಗಿ ಒಂದು ಹೊಸ ಎಚ್‌ಟಿ ಕೇಬಲನ್ನು ನೆಲದ ಮೇಲಿನಿಂದಲೇ, ಯಾವುದಕ್ಕೂ ತಾಗದ ಹಾಗೆ ಹಾಯಿಸಿ ನೋಡಿ. ವೋಲ್ಟೇಜ್ ಏರಿದರೆ ಕಳ್ಳ ಸಿಕ್ಕ.

ಬದಲಿಸುವಾಗ ಬೇಲಿಗೆಂದೇ ಮಾಡಿದ, ದಪ್ಪ ಎರಡು ಪದರ ಹೊದಿಕೆಯ ಕೇಬಲ್ ಹಾಕಿ. ಪ್ಲಾಸ್ಟಿಕ್ ಪೈಪ್ ಬಳಸಿ, ಮೇಲೆ ಬಂದ ಬಾಯಿಯನ್ನು ಕೊಡೆ ಹಿಡಿಯಂತೆ ಬಗ್ಗಿಸಿ ಕೆಳಮುಖ ಮಾಡಿ. ನಡುವೆ ಜಾಯಿಂಟ್ ಬೇಡ. ಕಟ್ಟಲು ಬೈಂಡಿಂಗ್ ವೈರ್ ಬೇಡ, ಅದು ಹೊದಿಕೆಯನ್ನು ಕೊರೆಯುತ್ತದೆ. ಮನೆ ಕರೆಂಟಿನ ವೈರ್ ಇರುವ ಪೈಪಿಗೆ ಇದನ್ನು ತೂರಿಸಲೇಬೇಡಿ.

ಜಾಯಿಂಟ್, ಇನ್ಸುಲೇಟರ್, ಸ್ಪ್ರಿಂಗ್

ಎರಡು ತಂತಿಯನ್ನು ಸುಮ್ನೆ ಹುರಿ ಹೊಸೆದು ಬಿಟ್ಟ ಜಾಯಿಂಟ್ ಇವತ್ತಲ್ಲ ನಾಳೆ ಕೈಕೊಡುತ್ತದೆ. ಗಾಳಿಗೆ ಸಡಿಲಾಗಿ ಒಳಗೇ ಕಿಡಿ ಹಾರಿ ಮಸಿ ಹಿಡಿಯುತ್ತದೆ. ತಾಮ್ರದ ಕೇಬಲನ್ನು ಅಲ್ಯೂಮಿನಿಯಂ ಅಥವಾ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿಗೆ ನೇರವಾಗಿ ಸುತ್ತಿದ್ದರೆ ಇನ್ನೂ ಬೇಗ. ಎರಡು ಬೇರೆ ಲೋಹ, ನಡುವೆ ತೇವ, ತಿನ್ನಲು ಅಷ್ಟು ಸಾಕು. ಬಿಳಿ ಹಿಟ್ಟು ಅಥವಾ ಹಸಿರು ಕಲೆ ಕಂಡರೆ ಕತ್ತರಿಸಿ ತೆಗೆದು, ತಂತಿ ಹೊಳೆಯುವ ತನಕ ಉಜ್ಜಿ, ಬೋಲ್ಟ್ ಇರುವ ಲೈನ್ ಕ್ಲಾಂಪ್ ಹಾಕಿ.

ಇನ್ಸುಲೇಟರಿನ ಮೇಲೆ ಮರದ ಬೇರಿನ ಹಾಗೆ ಕವಲೊಡೆದ ಕಪ್ಪು ಗೆರೆ ಕಂಡರೆ ಅದು ಕೊಳೆ ಅಲ್ಲ, ಪ್ಲಾಸ್ಟಿಕ್ ಸುಟ್ಟು ಇದ್ದಿಲಾದ ದಾರಿ. ತೊಳೆದರೆ ಹೋಗುವುದಿಲ್ಲ, ಬದಲಿಸಿ. ಬರೀ ಧೂಳಿದ್ದರೆ ನೀರು, ಬ್ರಷ್ ಸಾಕು. ಎಣ್ಣೆ, ಗ್ರೀಸ್ ಹಚ್ಚಿದರೆ ಮಾರನೇ ದಿನ ಇನ್ನಷ್ಟು ಧೂಳು ಅಂಟುತ್ತದೆ. ಮನೆಗೆ ಬಣ್ಣ ಬಳಿಸುವಾಗ ಪೇಂಟರ್ ಮೇಲೆ ಒಂದು ಕಣ್ಣಿರಲಿ. ಕಂಬಕ್ಕೆ ಹೊಡೆಯುವ ಸಿಲ್ವರ್ ಪೇಂಟನ್ನು ಇನ್ಸುಲೇಟರಿಗೂ ನೀಟಾಗಿ ಬಳಿದುಬಿಡುತ್ತಾರೆ. ಅದರಲ್ಲಿ ಅಲ್ಯೂಮಿನಿಯಂ ಪುಡಿ ಇರುತ್ತದೆ.

ಕೆಳಗಿನ ತಂತಿಗೂ ಕಂಬಕ್ಕೂ ನಡುವೆ ಸತ್ತ ಹಲ್ಲಿ ಅಂಟಿಕೊಂಡಿರುವುದು ಹೊಸದೇನಲ್ಲ. ಪಾಪ. ಒಣಗಿದ ಮೇಲೆ ಕರೆಂಟ್ ಹರಿಯುವುದಿಲ್ಲ, ಮತ್ತೆ ಒದ್ದೆಯಾದಾಗ ಹರಿಯುತ್ತದೆ. ಅದೂ ಇಬ್ಬನಿ ದೋಷದ ಹಾಗೇ ಆಟ ಆಡಿಸುತ್ತದೆ.

ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಬದಲಿಸಿ, ಎಳೆದು ಗಿಡ್ಡ ಮಾಡಿ ಕಟ್ಟಬೇಡಿ.

ಸದ್ದಿಲ್ಲದ ಕಾಯಿಲೆ

ಸೈರನ್ ಕೂಗಿದರೆ ತಲೆನೋವು. ಕೂಗದಿದ್ದರೆ ಇನ್ನೂ ದೊಡ್ಡ ತಲೆನೋವು, ಅದು ನಮಗೆ ಗೊತ್ತಾಗುವುದಿಲ್ಲ ಅಷ್ಟೇ. ಪಲ್ಸ್ ಮುಟ್ಟಿದವನ ಮೈಯಿಂದ ನೆಲಕ್ಕೆ ಇಳಿದು, ನೆಲದಿಂದ, ಮಣ್ಣಿಗೆ ಹೊಡೆದಿರುವ ಅರ್ಥ್ ರಾಡ್ ಮೂಲಕ ಡಬ್ಬಿಗೆ ವಾಪಸ್ ಬರಬೇಕು. ಬೇಸಿಗೆಯಲ್ಲಿ ರಾಡ್ ಸುತ್ತ ಮಣ್ಣು ಒಣಗಿ ಬಿರುಕು ಬಿಟ್ಟರೆ ಆ ದಾರಿ ಕಡಿಯುತ್ತದೆ. ಡಬ್ಬಿ ಟಕ್ ಟಕ್ ಅನ್ನುತ್ತದೆ, ಲೈಟ್ ಹಸಿರು, ತಂತಿ ಮುಟ್ಟಿದರೆ ಇರುವೆ ಕಚ್ಚಿದಷ್ಟು.

ಪರೀಕ್ಷೆ ಹೀಗೆ. ಬೇಲಿ ಆಫ್ ಮಾಡಿ, ಡಬ್ಬಿಯಿಂದ ಆದಷ್ಟು ದೂರದಲ್ಲಿ ಒಂದೆರಡು ಕಬ್ಬಿಣದ ಸರಳನ್ನು ಮಣ್ಣಿಗೆ ನೆಟ್ಟು ಲೈವ್ ತಂತಿಗೆ ತಾಗುವಂತೆ ಒರಗಿಸಿ. ಆನ್ ಮಾಡಿ. ಬೇಲಿ ವೋಲ್ಟೇಜ್ 2 ಕಿಲೋವೋಲ್ಟಿನ ಕೆಳಗೆ ಇಳಿಯಬೇಕು, ಇಳಿಯದಿದ್ದರೆ ಮತ್ತೆ ಆಫ್ ಮಾಡಿ ಇನ್ನೊಂದು ಸರಳು ಒರಗಿಸಿ. ಈಗ ಟೆಸ್ಟರಿನ ಅರ್ಥ್ ಕಡ್ಡಿಯನ್ನು ಡಬ್ಬಿಯ ಅರ್ಥ್ ರಾಡಿನಿಂದ ಒಂದು ಮೀಟರ್ ಆಚೆ ಮಣ್ಣಿಗೆ ಚುಚ್ಚಿ, ಇನ್ನೊಂದು ತುದಿಯನ್ನು ರಾಡಿಗೆ ಹಿಡಿಯಿರಿ. 0.3 ಕಿಲೋವೋಲ್ಟಿನ ಒಳಗಿದ್ದರೆ ಅರ್ಥಿಂಗ್ ಸರಿ ಇದೆ. ಮೀರಿದರೆ ಮೊದಲು ಬೇಲಿ ಆಫ್ ಮಾಡಿ ಕ್ಲಾಂಪ್ ಬಿಗಿ ಮಾಡಿ, ನೀರು ಹಾಕಿ ಮತ್ತೆ ಅಳೆಯಿರಿ. ಆಗಲೂ ಇಳಿಯದಿದ್ದರೆ ಇನ್ನೊಂದು ರಾಡ್ ಹೊಡೆದು ಮೊದಲಿನದಕ್ಕೆ ಜೋಡಿಸಿ.

ಮನೆಯ ಅರ್ಥ್ ಗುಂಡಿಗೇ ಬೇಲಿ ಅರ್ಥನ್ನು ಕಟ್ಟುವ ಸೋಮಾರಿತನ ಕೆಲವರಲ್ಲಿದೆ. ಆಮೇಲೆ ಫ್ರಿಜ್ ಮುಟ್ಟಿದರೆ ಚುರ್, ನಲ್ಲಿ ಮುಟ್ಟಿದರೆ ಚುರ್, ಇಂಟರ್‌ನೆಟ್ ಸೆಕೆಂಡಿಗೊಮ್ಮೆ ತೊದಲುವುದು. ಬೇಲಿಯ ಅರ್ಥ್ ರಾಡ್ ಬೇರೆ ಯಾವುದೇ ಅರ್ಥಿಂಗ್‌ನಿಂದ ದೂರ ಇರಬೇಕು, ಸಾಧ್ಯವಾದರೆ 10 ಮೀಟರ್. ನೀರಿನ ಪೈಪಿಗೂ ಕಟ್ಟಬಾರದು.

ಸೈರನ್ ತಾನೇ ಸತ್ತಿರುವುದೂ ಉಂಟು. ತಿಂಗಳಿಗೊಮ್ಮೆ, ಉದ್ದನೆಯ ಒಣ ಮರದ ಕೋಲಿಗೆ ಒಂದು ತಂತಿ ಕಟ್ಟಿ, ಲೈವ್ ಮತ್ತು ಅರ್ಥ್ ತಂತಿಯನ್ನು ಬೇಕಂತಲೇ ಕೂಡಿಸಿ. ಕೆಲವು ಪಲ್ಸಿನೊಳಗೆ ಕೂಗಬೇಕು. ಅಕ್ಕಪಕ್ಕದವರಿಗೆ ಮೊದಲೇ ಹೇಳಿರಿ.

ತಿಂಗಳ ಒಂದು ಸುತ್ತು

ಸೈರನ್ ಪರೀಕ್ಷೆ ಮಾಡಿದ ದಿನವೇ ಬೇಲಿ ಸುತ್ತ ಒಂದು ಸಲ ನಡೆದು ಬನ್ನಿ. ಬಳ್ಳಿಯನ್ನು ತಂತಿಗೆ ತಾಗಿದ ಮೇಲಲ್ಲ, ಒಂದು ಗೇಣು ದೂರ ಇರುವಾಗಲೇ ಕತ್ತರಿಸಿ. ಮಳೆಗಾಲದಲ್ಲಿ ತಿಂಗಳಿಗೆ ಎರಡು ಸಲ. ಕತ್ತರಿಸಿದ್ದನ್ನು ತಂತಿಯ ಮೇಲೆ ನೇತಾಡಲು ಬಿಡಬೇಡಿ. ಎಚ್ಚರಿಕೆ ಬೋರ್ಡುಗಳ ಬಣ್ಣ ಮಾಸಿದ್ದರೆ ಬದಲಿಸಿ. ಅವು ಗೇಟಿನ ಹತ್ತಿರ ಮತ್ತು ಪ್ರತಿ 10 ಮೀಟರಿಗೊಂದು ಇರಬೇಕು.

ಸಿಡಿಲಿನ ಕಾಲದಲ್ಲಿ ಸಾಧ್ಯವಾದರೆ ಬೇಲಿ ಆಫ್ ಮಾಡಿ, ಡಬ್ಬಿಯ ಪ್ಲಗ್ ಮತ್ತು ಬ್ಯಾಟರಿ ತಂತಿ ಕಿತ್ತು, ಬೇಲಿಯ ಕೇಬಲನ್ನೂ ಬಿಚ್ಚಿಡಿ. ಆದರೆ ಗುಡುಗು ಶುರುವಾಗುವ ಮೊದಲೇ ಮಾಡಬೇಕು. ಶುರುವಾದ ಮೇಲೆ ಡಬ್ಬಿ ಹೋದರೆ ಹೋಗಲಿ, ನೀವು ಹತ್ತಿರ ಹೋಗಬೇಡಿ.

ಡಬ್ಬಿಯ ಮುಚ್ಚಳದ ಒಳಗೆ ನಾನು ಒಂದು ಚೀಟಿ ಅಂಟಿಸಿದ್ದೇನೆ. ತಾರೀಖು, ಫೀಡ್ ಎಷ್ಟು, ರಿಟರ್ನ್ ಎಷ್ಟು, ಹವೆ ಒಣವೋ ಒದ್ದೆಯೋ. ಕಳೆದ ತಿಂಗಳು ಫೀಡ್ 7.1, ರಿಟರ್ನ್ 6.8 ಇತ್ತು. ಈ ತಿಂಗಳು 7.0, 5.9. ಸೈರನ್ ಇನ್ನೂ ಕೂಗಿಲ್ಲ. ಆದರೆ ವ್ಯತ್ಯಾಸ 0.3ರಿಂದ 1.1ಕ್ಕೆ ಹೋಗಿದೆ, ಎಲ್ಲೋ ಸೋರಿಕೆ ಶುರುವಾಗಿದೆ. ಮೆಕ್ಯಾನಿಕ್ ಬರುವ ಹೊತ್ತಿಗೆ ಬೇಲಿ ಸರಿಹೋಗಿ ಕೂತಿದ್ದರೂ ಈ ಚೀಟಿ ತೋರಿಸಬಹುದು. ಜಂಪರ್ ಹಾಕಿ ನೋಡಿದ್ದರೆ ಅದರ ಫಲಿತಾಂಶವನ್ನೂ ಕೆಳಗೆ ಒಂದು ಸಾಲು ಬರೆದಿಡಿ. ಅವರು ಮೊದಲು ಡಬ್ಬಿ ಬಿಚ್ಚುವ ಬದಲು ಮೂಲೆಯ ಕಂಬದ ಕಡೆ ಹೋಗುತ್ತಾರೆ.